ಹಳೆಯ ರ‍್ಯಾಕೆಟ್, ಹೊಸ ಲೆಕ್ಕ

ಪ್ರಕಾಶ್ ಪಡುಕೋಣೆ ಮತ್ತು ಲಿನ್ ಡಾನ್ ಆಡಿದರೆ ಗೆಲ್ಲುವವರು ಯಾರು? ಬ್ಯಾಡ್ಮಿಂಟನ್ ಬಲ್ಲವರು ನಾಲ್ಕು ಜನ ಸೇರಿದ ಕಡೆ ಈ ಪ್ರಶ್ನೆ ಹೇಗಾದರೂ ತಲೆಹಾಕುತ್ತದೆ, ಐದು ನಿಮಿಷಕ್ಕೆಲ್ಲ ಅಲ್ಲಿ ಎರಡು ಪಕ್ಷಗಳಾಗಿರುತ್ತವೆ. ಪ್ರಕಾಶ್ ಕೋಪನ್‌ಹೇಗನ್ನಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಕಂಚು ಗೆದ್ದ 1983ರಲ್ಲೇ ಲಿನ್ ಡಾನ್ ಹುಟ್ಟಿದ್ದು. ಹಾಗಾಗಿ ಈ ಪಂದ್ಯ ನಡೆಯುವ ಮಾತೇ ಇರಲಿಲ್ಲ. ಆದರೂ ಒಂದು ಪಕ್ಷ ಲಿನ್ ಡಾನ್ ಅವರ ಪದಕಗಳನ್ನು ಎಣಿಸುತ್ತದೆ: ಎರಡು ಒಲಿಂಪಿಕ್ ಚಿನ್ನ, ಐದು ವಿಶ್ವ ಚಾಂಪಿಯನ್‌ಷಿಪ್, ಆರು ಆಲ್ ಇಂಗ್ಲೆಂಡ್ ಪ್ರಶಸ್ತಿ. ಇನ್ನೊಂದು ಪಕ್ಷ, ಆ ಕಾಲದ ಕೈಚಳಕ ಈಗಿನವರಲ್ಲಿ ಎಲ್ಲಿದೆ ಎಂದು ನಿಟ್ಟುಸಿರು ಬಿಡುತ್ತದೆ. ಎರಡೂ ಕಡೆಯವರು ಪಂದ್ಯವನ್ನು ಮಾತ್ರ ಆಡಿಸುವುದಿಲ್ಲ. ಯಾವ ರ‍್ಯಾಕೆಟ್ಟಿನಲ್ಲಿ, ಯಾವ ನಿಯಮದಲ್ಲಿ, ಎಷ್ಟು ಪಾಯಿಂಟಿಗೆ ಎಂದು ಕೇಳಿದರೆ ಇಬ್ಬರೂ ಸುಮ್ಮನಾಗುತ್ತಾರೆ.

ಇದನ್ನು ಕಾಡುಹರಟೆ ಎಂದು ತಳ್ಳಿಹಾಕುವವರೂ ಇದ್ದಾರೆ. ಆಯಾ ಕಾಲಕ್ಕೆ ಆಯಾ ಆಟಗಾರ ದೊಡ್ಡವ, ಅಲ್ಲಿಗೆ ಮುಗಿಯಿತು ಎನ್ನುವುದು ಅವರ ವಾದ. ಸಭ್ಯವಾದ ಮಾತು, ಆದರೆ ಸೋಮಾರಿ ಮಾತು. ಪಂಪನನ್ನೂ ಕುಮಾರವ್ಯಾಸನನ್ನೂ ಪಕ್ಕಪಕ್ಕ ಇಟ್ಟು ಓದುವುದನ್ನು ಕನ್ನಡ ವಿಮರ್ಶೆ ಯಾವತ್ತೂ ಬಿಟ್ಟಿಲ್ಲ. ಇಬ್ಬರ ನಡುವೆ ಐದು ಶತಮಾನಗಳ ಅಂತರವಿದೆ. ಆದರೆ ಕತೆ ಒಂದೇ, ಛಂದಸ್ಸು ಬೇರೆ. ಒಬ್ಬನದು ಚಂಪೂ, ಇನ್ನೊಬ್ಬನದು ಭಾಮಿನಿ ಷಟ್ಪದಿ. ಕತೆ ಒಂದೇ ಆದ್ದರಿಂದಲೇ ಕವಿಯದು ಎಷ್ಟು, ಛಂದಸ್ಸು ದೊರಕಿಸಿಕೊಟ್ಟದ್ದು ಎಷ್ಟು ಎಂದು ಬೇರ್ಪಡಿಸಿ ನೋಡಲು ಬರುತ್ತದೆ. ಆಟಗಾರರ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಇದೇ. ಮತ್ತು ಬ್ಯಾಡ್ಮಿಂಟನ್ನಿನ ಛಂದಸ್ಸು ಇರುವುದು ರ‍್ಯಾಕೆಟ್ಟಿನಲ್ಲಿ ಅಲ್ಲ, ತೋಳಿನ ಸ್ನಾಯುವಿನಲ್ಲೂ ಅಲ್ಲ, ಪಾಯಿಂಟ್ ಎಣಿಸುವ ಕ್ರಮದಲ್ಲಿ ಎಂಬುದು ನನ್ನ ವಾದ. ಕಲ್ಪನೆಯ ಪಂದ್ಯ ಆಡಿಸುವವರು ಬಹುತೇಕ ಅದನ್ನೊಂದು ಬಿಟ್ಟು ಮಿಕ್ಕೆಲ್ಲವನ್ನೂ ನೋಡುತ್ತಾರೆ.

ಬ್ಯಾಡ್ಮಿಂಟನ್ನಿಗೆ ಒಂದು ಅನುಕೂಲವಿದೆ. ಎಲ್ಲ ಆಟಗಳಿಗೂ ಅದು ಸಿಕ್ಕಿಲ್ಲ. ಅಮೆರಿಕದಲ್ಲಿ ಜೋ ಸೋಬೆಕ್ 1950ರಲ್ಲಿ ಕಟ್ಟಿದ ರ‍್ಯಾಕೆಟ್‌ಬಾಲ್ ಆಟವನ್ನು ನೋಡಿ. ಅಲ್ಲಿ ನಿಧಾನದ ಚೆಂಡು ಹೋಗಿ ವೇಗದ ಚೆಂಡು ಬಂತು, ರ‍್ಯಾಕೆಟ್ಟು ದೊಡ್ಡದಾಯಿತು. ಜಾಣತನದಿಂದ ರ‍್ಯಾಲಿ ಕಟ್ಟುತ್ತಿದ್ದ ಚಾರ್ಲಿ ಬ್ರಮ್‌ಫೀಲ್ಡ್ ಅವರಿಗೂ ಬಲವನ್ನೇ ನಂಬಿ ಬಂದ ಮಾರ್ಟಿ ಹೋಗನ್ ಅವರಿಗೂ ನಡುವಿನ ಅಂತರ ವರ್ಷಗಳಲ್ಲಿ ಸಣ್ಣದು, ಆಟದಲ್ಲಿ ದೊಡ್ಡದು. ಕೇನ್ ವಾಸೆಲೆಂಚುಕ್ ಅವರ ಹೊತ್ತಿಗಂತೂ ಅದು ಬೇರೆಯೇ ಆಟ. ಬ್ಯಾಡ್ಮಿಂಟನ್ನಿನಲ್ಲಿ ಹಾಗಾಗಲಿಲ್ಲ. ಸಿಂಗಲ್ಸ್ ಅಂಕಣ ಇಂದಿಗೂ 13.4 ಮೀಟರ್ ಉದ್ದ, 5.18 ಮೀಟರ್ ಅಗಲ. ಕಾಕ್‌ಗೆ ಇಂದಿಗೂ 16 ಗರಿ, ಹೆಚ್ಚೆಂದರೆ ಐದೂವರೆ ಗ್ರಾಂ ತೂಕ. ಎಷ್ಟೇ ಬಲವಾಗಿ ಹೊಡೆದರೂ ಆ ಗರಿಗಳು ಗಾಳಿಯನ್ನು ಹಿಡಿದು ಅದನ್ನು ನಿಧಾನಿಸುತ್ತವೆ. ಸಾತ್ವಿಕ್ ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಗಂಟೆಗೆ 565 ಕಿಲೋಮೀಟರ್ ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದರು, ನಿಜ. ಆದರೆ ಅದು ಕಾಕ್ ರ‍್ಯಾಕೆಟ್ಟನ್ನು ಬಿಟ್ಟ ಕ್ಷಣದ ವೇಗ. ಎದುರಾಳಿಯ ಹತ್ತಿರ ಬರುವಷ್ಟರಲ್ಲಿ ಅದರ ಬಹುಪಾಲು ಸೋರಿಹೋಗಿರುತ್ತದೆ.

ರ‍್ಯಾಕೆಟ್ ಬದಲಾಗಿಲ್ಲವೇ? ಬದಲಾಗಿದೆ. ಇವತ್ತಿನದು 80-85 ಗ್ರಾಮಿನ ಆಸುಪಾಸು, ತಂತಿಯ ಬಿಗಿತ ಹಿಂದಿಗಿಂತ ಬಹಳ ಹೆಚ್ಚು. ಇದರಿಂದ ಸ್ಮ್ಯಾಶ್ ಹರಿತವಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಹಗುರ ರ‍್ಯಾಕೆಟ್ ಹೊಡೆಯುವವನ ಕೈಯಲ್ಲಿ ಮಾತ್ರ ಇರುವುದಿಲ್ಲ, ತಡೆಯುವವನ ಕೈಯಲ್ಲೂ ಇರುತ್ತದೆ. ಸೊಂಟದ ಮಟ್ಟಕ್ಕೆ ಬಂದ ಸ್ಮ್ಯಾಶನ್ನು ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ತಿರುಗಿಸಿ ಎತ್ತುವುದು ಈಗ ಸುಲಭ. ಕೈಯನ್ನು ಅರೆಕ್ಷಣ ತಡೆದು ಎದುರಾಳಿಯನ್ನು ಮುಂದಕ್ಕೆ ಎಳೆದು, ಕಾಕನ್ನು ಹಿಂದಕ್ಕೆ ಕಳಿಸುವ ವಂಚನೆಯ ಹೊಡೆತವೂ ಈಗ ಸುಲಭ. ಪ್ರಕಾಶ್ ಅವರ ಬಂಡವಾಳ ಇದ್ದದ್ದು ಅಲ್ಲೇ. ಒಂದೇ ಬಗೆಯ ಕೈಚಲನೆಯಿಂದ ಅರ್ಧ ಸ್ಮ್ಯಾಶ್, ಡ್ರಾಪ್, ಟಾಸ್ ಮೂರನ್ನೂ ಹೊರಡಿಸುತ್ತಿದ್ದ ಆಟಗಾರನಿಗೆ ಇಂದಿನ ರ‍್ಯಾಕೆಟ್ ಶತ್ರುವಾಗುತ್ತದೆ ಎಂದು ನಂಬಲು ಕಾರಣ ಕಾಣುವುದಿಲ್ಲ.

ಇನ್ನು ಪಾಯಿಂಟಿನ ಮಾತು. 2006ರವರೆಗೆ ಪುರುಷರ ಸಿಂಗಲ್ಸ್ ಬಹುತೇಕ ನಡೆಯುತ್ತಿದ್ದದ್ದು ಸರ್ವ್ ಮಾಡಿದವನಿಗಷ್ಟೇ ಪಾಯಿಂಟ್ ಸಿಗುವ 15ರ ಗೇಮಿನಲ್ಲಿ. ಎದುರಾಳಿಯ ಸರ್ವ್‌ನಲ್ಲಿ ರ‍್ಯಾಲಿ ಗೆದ್ದರೆ ಕೈಗೆ ಬರುತ್ತಿದ್ದದ್ದು ಸರ್ವ್ ಮಾತ್ರ. ಆಮೇಲೆ ಬಂದದ್ದು ಪ್ರತಿ ರ‍್ಯಾಲಿಗೂ ಪಾಯಿಂಟ್ ಕೊಡುವ 21ರ ಗೇಮು. ಹಳೆಯ ಸ್ಕೋರನ್ನು ಹೊಸ ಕಣ್ಣಿನಿಂದ ಓದಿದರೆ ಮೋಸಹೋಗುತ್ತೇವೆ. ಒಬ್ಬ ಆಟಗಾರ ಯಾರ ಸರ್ವ್ ಆದರೂ 100ರಲ್ಲಿ 60 ರ‍್ಯಾಲಿ ಗೆಲ್ಲುತ್ತಾನೆ ಎಂದುಕೊಳ್ಳಿ. ಹೊಸ ಕ್ರಮದಲ್ಲಿ ಆ ಗೇಮ್ 21-14ರ ಹತ್ತಿರ ಮುಗಿಯುತ್ತದೆ. ಹಳೆಯ ಕ್ರಮದಲ್ಲಿ ಒಂದು ಪಾಯಿಂಟಿಗೆ ಬೆನ್ನುಬೆನ್ನಿಗೆ ಎರಡು ರ‍್ಯಾಲಿ ಗೆಲ್ಲಬೇಕು: ಒಂದು ಸರ್ವ್ ಕಿತ್ತುಕೊಳ್ಳಲು ಅಥವಾ ಉಳಿಸಿಕೊಳ್ಳಲು, ಇನ್ನೊಂದು ಪಾಯಿಂಟಿಗೆ. ಹೀಗಾಗಿ 6ಕ್ಕೆ 4ರ ಅನುಪಾತ ವರ್ಗವಾಗಿ 36ಕ್ಕೆ 16 ಆಗುತ್ತದೆ, ಗೇಮ್ 15-7ರ ಸುಮಾರಿಗೆ ಮುಗಿಯುತ್ತದೆ. ಆಟ ಅದೇ, ಮೇಲುಗೈಯೂ ಅಷ್ಟೇ, ನೋಡುವವರಿಗೆ ಮಾತ್ರ ಒಂದು ಪೈಪೋಟಿಯಂತೆ, ಇನ್ನೊಂದು ಏಕಪಕ್ಷೀಯವಾಗಿ ಕಾಣುತ್ತದೆ.

ಈ ಲೆಕ್ಕ ಹಿಡಿದು 1980ರ ಮಾರ್ಚಿಗೆ ಹೋಗೋಣ. ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಫೈನಲ್. ಎದುರಿಗೆ ಹಿಂದಿನ ಎರಡು ವರ್ಷದ ಚಾಂಪಿಯನ್, ಗಾಳಿಯಲ್ಲಿ ಹಾರಿ ಹೊಡೆಯುವ ಸ್ಮ್ಯಾಶಿಗೆ ಹೆಸರಾದ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಪ್ರಕಾಶ್ ಗೆದ್ದದ್ದು 15-3, 15-10ರಲ್ಲಿ. ಮೊದಲ ಗೇಮನ್ನು ನಮ್ಮ ಕ್ರಮಕ್ಕೆ ಇಳಿಸಿದರೆ ಸುಮಾರು 21-9, ಎರಡನೆಯದು 21-17. ಮೊದಲ ಗೇಮಿನ ದರ್ಬಾರು ಹೊಸ ಲೆಕ್ಕದಲ್ಲೂ ದರ್ಬಾರೇ. ಎರಡನೆಯದು ಮಾತ್ರ ಕಂಡದ್ದಕ್ಕಿಂತ ಬಿಗಿಯಾಗಿತ್ತು. ಇದರ ಪಕ್ಕದಲ್ಲಿ 2008ರ ಬೀಜಿಂಗ್ ಒಲಿಂಪಿಕ್ ಫೈನಲ್ ಇಡಿ. ಲಿನ್ ಡಾನ್ ಅಲ್ಲಿ ಲೀ ಚಾಂಗ್ ವೀ ಅವರನ್ನು 21-12, 21-8ರಿಂದ ಸೋಲಿಸಿದರು. ಹಳೆಯ ಕ್ರಮದಲ್ಲಿ ಅದು 15-5, 15-2 ಆಗುತ್ತಿತ್ತು. ತಮ್ಮ ಕಾಲದ ಅತಿ ಕಠಿಣ ಎದುರಾಳಿಯನ್ನು ದೊಡ್ಡ ವೇದಿಕೆಯಲ್ಲಿ ಹಣಿದದ್ದರಲ್ಲಿ ಲಿನ್ ಡಾನ್ ಒಂದು ಕೈ ಮೇಲು. ಆದರೆ ಪದಕ ಎಣಿಸುವವರು ಹೇಳುವಷ್ಟು ಮೇಲಲ್ಲ. ಈ ಗಣಿತಕ್ಕೂ ಮಿತಿಯಿದೆ. 1981ರಲ್ಲಿ ಕ್ವಾಲಾಲಂಪುರದ ವಿಶ್ವಕಪ್ ಫೈನಲ್ಲಿನಲ್ಲಿ ಪ್ರಕಾಶ್ ಚೀನಾದ ಹಾನ್ ಜಿಯಾನ್ ಅವರನ್ನು 15-0, 18-16ರಿಂದ ಗೆದ್ದರು. ಆ ಸೊನ್ನೆಯನ್ನು ಯಾವ ಅನುಪಾತವೂ ಜೀರ್ಣಿಸಿಕೊಳ್ಳಲಾರದು. ಹಾನ್ ಜಿಯಾನ್ ಒಂದೂ ರ‍್ಯಾಲಿ ಗೆಲ್ಲಲಿಲ್ಲ ಎಂದು ಅದರ ಅರ್ಥವಲ್ಲ, ಗೆದ್ದು ಪಡೆದ ಸರ್ವ್ ಒಂದನ್ನೂ ಪಾಯಿಂಟಾಗಿಸಲು ಆಗಲಿಲ್ಲ, ಅಷ್ಟೆ. ಅದೇ ಹಾನ್ ಜಿಯಾನ್ 1985ರಲ್ಲಿ ವಿಶ್ವ ಚಾಂಪಿಯನ್ ಆದರು.

ಪ್ರಶಸ್ತಿಗಳನ್ನು ಎಣಿಸಿಯೇ ತೀರ್ಮಾನಿಸಬೇಕೆನ್ನುವವರಿಗೆ ರೂಡಿ ಹಾರ್ಟೊನೊ ಅವರ ಉದಾಹರಣೆ ಸಾಕು. 1968ರಿಂದ 74ರವರೆಗೆ ಸತತ ಏಳು, 76ರಲ್ಲಿ ಇನ್ನೊಂದು, ಒಟ್ಟು ಎಂಟು ಆಲ್ ಇಂಗ್ಲೆಂಡ್. ಆಗ ವಿಶ್ವ ಚಾಂಪಿಯನ್‌ಷಿಪ್ ಇನ್ನೂ ಶುರುವಾಗಿರಲಿಲ್ಲ, ಒಲಿಂಪಿಕ್ಸಿನಲ್ಲಿ ಬ್ಯಾಡ್ಮಿಂಟನ್ ಪದಕ ಬಂದದ್ದು 1992ರಲ್ಲಿ. ಆ ಎಂಟೂ ವರ್ಷ ಚೀನಾ ಅಂತರರಾಷ್ಟ್ರೀಯ ಒಕ್ಕೂಟದ ಹೊರಗಿತ್ತು, ಒಳಬಂದದ್ದು 1981ರಲ್ಲಿ. ಏಳು ಆಲ್ ಇಂಗ್ಲೆಂಡ್ ಗೆದ್ದ ಡೆನ್ಮಾರ್ಕಿನ ಎರ್ಲಾಂಡ್ ಕೋಪ್ಸ್ ಅವರನ್ನು 1960ರ ದಶಕದಲ್ಲಿ ಅವರ ದೇಶದಲ್ಲೇ ಮಣಿಸಿಹೋದ ಟಾಂಗ್ ಶಿಯಾನ್‌ಹು ಇದ್ದದ್ದು ಆ ಚೀನಾದಲ್ಲಿ. ಹೌ ಜಿಯಾಚಾಂಗ್ ಇದ್ದದ್ದೂ ಅಲ್ಲೇ. ಇಬ್ಬರ ಹೆಸರೂ ಆಲ್ ಇಂಗ್ಲೆಂಡ್ ಪಟ್ಟಿಯಲ್ಲಿಲ್ಲ. ಹಾರ್ಟೊನೊ ಸಣ್ಣವರೆಂದು ಇದರ ಅರ್ಥವಲ್ಲ. ಪಟ್ಟಿಯೇ ಅರ್ಧ ಬರೆದದ್ದು. ಕಾಲ ಕಾಲದ ನಡುವೆ ಪಂದ್ಯ ಕಲ್ಪಿಸುವುದು ವ್ಯರ್ಥ ಎನ್ನುವವರು ಇದನ್ನೂ ಗಮನಿಸಬೇಕು: ಹಾರ್ಟೊನೊ ಮತ್ತು ಟಾಂಗ್ ಹತ್ತಿರ ಹತ್ತಿರದ ಕಾಲದವರು, ಆದರೂ ಅವರನ್ನು ಆಲ್ ಇಂಗ್ಲೆಂಡಿನಲ್ಲಿ ಎದುರುಬದುರು ನಿಲ್ಲಿಸಬೇಕಾದರೆ ಕಲ್ಪನೆಯೇ ಗತಿ. ಅದೇ ಟಾಂಗ್ ಮುಂದೆ ಲಿನ್ ಡಾನ್ ಅವರ ತರಬೇತುದಾರರಲ್ಲಿ ಒಬ್ಬರಾದರು.

ಪ್ರಶಸ್ತಿ ಎಣಿಸುವುದಕ್ಕಿಂತ ಗಟ್ಟಿಯೆನಿಸುವ ವಿಧಾನ ಇನ್ನೊಂದಿದೆ, ಸರಪಳಿಯದು. ‘ಕ’ ‘ಖ’ನನ್ನು ಸೋಲಿಸಿದ, ‘ಖ’ ‘ಗ’ನನ್ನು ಸೋಲಿಸಿದ, ಆದ್ದರಿಂದ ‘ಕ’ ‘ಗ’ನಿಗಿಂತ ಮೇಲು. ಹೀಗೆ ಕೊಂಡಿ ಸೇರಿಸುತ್ತ ಹಾರ್ಟೊನೊ ಅವರಿಂದ ಇತ್ತೀಚಿನ ವಿಕ್ಟರ್ ಆಕ್ಸೆಲ್‌ಸೆನ್‌ವರೆಗೂ ಬರಬಹುದು. ಆದರೆ ಕಿಂಗ್ ಎಂಬ ಕೊಂಡಿಯನ್ನೇ ಹಿಡಿದು ನೋಡಿ. 1978ರ ಆಲ್ ಇಂಗ್ಲೆಂಡ್ ಫೈನಲ್ಲಿನಲ್ಲಿ ಕಿಂಗ್ ಹಾರ್ಟೊನೊ ಅವರನ್ನು ಸೋಲಿಸಿದರು. 1980ರ ಮಾರ್ಚಿನಲ್ಲಿ ಪ್ರಕಾಶ್ ಕಿಂಗ್ ಅವರನ್ನು ಸೋಲಿಸಿದರು. ಕೆಲವೇ ತಿಂಗಳಲ್ಲಿ ಜಕಾರ್ತದ ವಿಶ್ವ ಚಾಂಪಿಯನ್‌ಷಿಪ್ ಫೈನಲ್ಲಿನಲ್ಲಿ, ಮೂವತ್ತು ದಾಟಿದ ಹಾರ್ಟೊನೊ 15-9, 15-9ರಿಂದ ಕಿಂಗ್ ಅವರನ್ನು ಸೋಲಿಸಿದರು. 1981ರ ಆಲ್ ಇಂಗ್ಲೆಂಡ್ ಫೈನಲ್ಲಿನಲ್ಲಿ ಅದೇ ಕಿಂಗ್ ಪ್ರಕಾಶ್ ಅವರನ್ನು 11-15, 15-4, 15-6ರಿಂದ ಸೋಲಿಸಿದರು. ಮೂರೇ ವರ್ಷ, ಮೂರೇ ಜನ, ನಾಲ್ಕೇ ಪಂದ್ಯ; ಸರಪಳಿ ಆಗಲೇ ಗಂಟು ಬಿದ್ದಿದೆ. ನಲವತ್ತು ವರ್ಷಕ್ಕೆ ಇದನ್ನು ಎಳೆದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ. ಕಲ್ಪನೆಯ ಒಂದೇ ಒಂದು ಪಂದ್ಯಕ್ಕೆ ಬೆಲೆಯಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ. ಆಡಿಸುವುದಾದರೆ ಸಾಲುಸಾಲಾಗಿ ಆಡಿಸಬೇಕು, ಲಿನ್ ಡಾನ್ ಮತ್ತು ಲೀ ಚಾಂಗ್ ವೀ ನಿಜವಾಗಿಯೂ ಆಡಿದ 40 ಪಂದ್ಯಗಳ ಹಾಗೆ. ಅದರಲ್ಲಿ ಲಿನ್ ಗೆದ್ದದ್ದು 28, ಲೀ ಗೆದ್ದದ್ದು 12. ಬೀಜಿಂಗಿನಲ್ಲಿ ಧೂಳೀಪಟವಾದ ಲೀ 2012ರ ಲಂಡನ್ ಫೈನಲ್ಲಿನಲ್ಲಿ ಮೂರನೆಯ ಗೇಮನ್ನು 19-21ರವರೆಗೆ ಎಳೆದರು, 2016ರ ರಿಯೋ ಸೆಮಿಫೈನಲ್ಲಿನಲ್ಲಿ 22-20ರಿಂದ ಗೆದ್ದೇಬಿಟ್ಟರು.

ದೇಹಬಲದ ಆಕ್ಷೇಪಣೆ ಉಳಿಯಿತು, ಇರುವುದರಲ್ಲಿ ಭಾರವಾದದ್ದೂ ಅದೇ. ಲಿನ್ ಡಾನ್ ಅವರದು ಬಾಲ್ಯದಿಂದಲೇ ಸರ್ಕಾರಿ ತರಬೇತಿ ವ್ಯವಸ್ಥೆಯಲ್ಲಿ ಬೆಳೆದ ದೇಹ. ಪ್ರಕಾಶ್ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ, ಮದುವೆಯಿದ್ದ ದಿನ ಅಭ್ಯಾಸಕ್ಕೆ ರಜೆ. 1971ರಿಂದ ಒಂಬತ್ತು ವರ್ಷ ರಾಷ್ಟ್ರೀಯ ಚಾಂಪಿಯನ್ ಆಗಿದ್ದರೂ ಒಳ್ಳೆಯ ಜೊತೆಗಾರರನ್ನು ಹುಡುಕಿಕೊಂಡು ಕೊನೆಗೆ ಡೆನ್ಮಾರ್ಕಿಗೇ ಹೋಗಬೇಕಾಯಿತು. 1980ರ ಪ್ರಕಾಶ್ ಅವರನ್ನು ಹಾಗೇ ಎತ್ತಿ 2008ರ ಅಂಕಣಕ್ಕೆ ಇಳಿಸಿದರೆ ಮೂಲೆಯಿಂದ ಮೂಲೆಗೆ ಓಡಿ ನಡುವಿಗೆ ಮರಳುವುದರಲ್ಲೇ ಅವರು ಸೋತುಹೋಗುತ್ತಾರೆ. ಇದನ್ನು ಒಪ್ಪದವರದು ಬರೀ ಊರಭಿಮಾನ. ಆದರೆ ಈ ಓಟ ಕಾಲ ಕೊಟ್ಟ ಸಾಲ. ಅದನ್ನು ಇಬ್ಬರಿಗೂ ಸಮನಾಗಿ ಕೊಡಬಹುದು, ಇಬ್ಬರಿಂದಲೂ ಹಿಂದಕ್ಕೆ ಪಡೆಯಬಹುದು. ಹಿಂದಕ್ಕೆ ಪಡೆದ ಮೇಲೆ ಪ್ರಕಾಶ್ ಹತ್ತಿರ ಉಳಿಯುವುದು ಕಾಕನ್ನು ಕೊನೆಯವರೆಗೂ ಬಚ್ಚಿಡುವ ಕೈ, ತಪ್ಪು ಮಾಡದ ತಾಳ್ಮೆ, ಎದುರಾಳಿಗೆ ಬೇಕಾದ ವೇಗವನ್ನು ಕೊಡದೆ ಸತಾಯಿಸುವ ಬುದ್ಧಿ. ಲಿನ್ ಹತ್ತಿರವೂ ಇವೆಲ್ಲ ಇವೆ. ಜೊತೆಗೆ ಎಡಗೈ ಇದೆ, ರ‍್ಯಾಲಿಯ ನಡುವೆ ಏಕಾಏಕಿ ಗೇರ್ ಬದಲಿಸುವ ಶಕ್ತಿ ಇದೆ. ಆದ್ದರಿಂದ 40 ಪಂದ್ಯ ಆಡಿದರೆ ಹೆಚ್ಚು ಗೆಲ್ಲುವವರು ಲಿನ್ ಡಾನ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಹಾಗಾದರೆ ಪ್ರಕಾಶ್ ಅವರ ಅಭಿಮಾನಿಗಳು ಯಾವ ಷರತ್ತು ಕೇಳಬೇಕು? ಅವರು ಸಾಮಾನ್ಯವಾಗಿ ಕೇಳುವುದು ಹಳೆಯದೆಲ್ಲವನ್ನೂ: ಹಳೆಯ ರ‍್ಯಾಕೆಟ್, ಹಳೆಯ 15ರ ಗೇಮು. ಅಲ್ಲೇ ಎಡವುತ್ತಾರೆ. ರ‍್ಯಾಲಿಗಳ ಅನುಪಾತ ವರ್ಗವಾಗುವ ಹಳೆಯ ಕ್ರಮದಲ್ಲಿ ಮೇಲುಗೈ ಇದ್ದವನ ಮೇಲುಗೈ ಇನ್ನಷ್ಟು ಹಿಗ್ಗುತ್ತದೆ. ಲಿನ್ 100ರಲ್ಲಿ 55 ರ‍್ಯಾಲಿ ಗೆಲ್ಲುತ್ತಾರೆ ಎಂದುಕೊಂಡರೆ ಹಳೆಯ ಗೇಮು 15-10ಕ್ಕೆ, ಸುಮಾರು 50 ರ‍್ಯಾಲಿಗಳಲ್ಲಿ ಮುಗಿಯುತ್ತದೆ. ಹೊಸದು 21-17ಕ್ಕೆ, ಬರೀ 38 ರ‍್ಯಾಲಿಗಳಲ್ಲಿ. ರ‍್ಯಾಲಿಗಳು ಹೆಚ್ಚಾದಷ್ಟೂ ದುರ್ಬಲನಿಗೆ ಅದೃಷ್ಟ ಒದಗುವ ಸಂದರ್ಭ ಕಡಿಮೆ. ಹಳೆಯ ಕ್ರಮ ತಪ್ಪಿಗೆ ತಕ್ಷಣ ದಂಡ ಹಾಕುತ್ತಿರಲಿಲ್ಲ, ಎಷ್ಟೋ ಸಲ ಸರ್ವ್ ಹೋಗುತ್ತಿತ್ತು, ಅಷ್ಟೆ. ಅಬ್ಬರಿಸಿ ಹೊಡೆಯುವವನಿಗೆ ಆ ರಿಯಾಯಿತಿ ಬೇಕು, ತಪ್ಪನ್ನೇ ಮಾಡದವನಿಗೆ ಅದರಿಂದ ಏನೂ ದಕ್ಕುವುದಿಲ್ಲ. ಪ್ರಕಾಶ್ ಅವರ ಆಟ, ಅವರು ನಿವೃತ್ತರಾಗಿ ಎಷ್ಟೋ ವರ್ಷದ ಮೇಲೆ ಬಂದ ಲೆಕ್ಕಕ್ಕೆ ಹೊಲಿದಂತಿದೆ. ರ‍್ಯಾಕೆಟ್ ಮಾತ್ರ 1980ರದೇ ಇರಲಿ: ಇವತ್ತಿನದು ಪ್ರಕಾಶ್‌ಗೆ ಅಡ್ಡಿಯಲ್ಲದಿದ್ದರೂ ಅದರಿಂದ ಲಿನ್‌ಗೆ ಆಗುವ ಲಾಭ ದೊಡ್ಡದು. ತಂತಿ ಸಡಿಲ, ಫ್ರೇಮ್ ಭಾರ, ಹಿಂದಿನ ಗೆರೆಯಿಂದ ಬರುವ ಲಿನ್ ಸ್ಮ್ಯಾಶಿನ ಮೊನೆ ಸ್ವಲ್ಪ ಮೊಂಡು. ಎಣಿಕೆ ಮಾತ್ರ 2008ರದು, ಪ್ರತಿ ರ‍್ಯಾಲಿಗೂ ಪಾಯಿಂಟ್. ಯಾವ ಕಾಲದಲ್ಲೂ ನಡೆಯದ ಪಂದ್ಯ ಇದು. ಇಲ್ಲಿ ಮೂರನೆಯ ಗೇಮ್ 19-19ಕ್ಕೆ ಬಂದು ನಿಂತಾಗ, ನೆಟ್ಟಿನ ಹತ್ತಿರ ಪ್ರಕಾಶ್ ಕೈ ಅರೆಕ್ಷಣ ತಡೆದದ್ದೇ ಲಿನ್ ಡಾನ್ ಒಂದು ಹೆಜ್ಜೆ ಮುಂದಿಟ್ಟುಬಿಟ್ಟರೆ, ಕಾಕ್ ಹೋಗಿ ಬೀಳುವುದು ಹಿಂದಿನ ಗೆರೆಯ ಮೇಲೆ.