ಎರಡು ಸೆಕೆಂಡಿನ ತೂಕ

ಔರಾದಿನ ಅಮರೇಶ್ವರ ಜಾತ್ರೆಯ ಕುಸ್ತಿ ನೋಡುತ್ತ ಬೆಳೆದವರಿಗೆ ಬಲವೆಂದರೆ ಎಣಿಕೆ. ಎಷ್ಟು ದಂಡ ಹೊಡೆದ, ಎಷ್ಟು ಬೈಠಕ್ ತೆಗೆದ, ಎಂಥ ಕಲ್ಲು ಎತ್ತಿದ? ಬೀದರ್, ಭಾಲ್ಕಿಯ ತಾಲೀಮುಗಳಿಗೆ ಈ ಲೆಕ್ಕ ಸಾಕು. ಆದರೆ ಅಲ್ಲಿಂದ ಒಬ್ಬ ಹುಡುಗನನ್ನು ಜಿಮ್ನಾಸ್ಟಿಕ್ಸ್‌ನ ರಿಂಗ್ಸ್‌ಗೆ ಆರಿಸಬೇಕೆಂದರೆ ಸಾಲದು. ನೆಲದಿಂದ 2.8 ಮೀಟರ್ ಎತ್ತರದ ಎರಡು ಬಳೆ ಹಿಡಿದು, ತೋಳುಗಳನ್ನು ಅಡ್ಡಕ್ಕೆ ಚಾಚಿ, 2 ಸೆಕೆಂಡು ಅಲುಗದೆ ನಿಲ್ಲುವುದು ಕ್ರಾಸ್. ಅಲ್ಲಿ ಎಣಿಸುವುದಕ್ಕೆ ಏನೂ ಇಲ್ಲ.

60 ಕಿಲೋ ಹುಡುಗನ ಒಂದೊಂದು ಕೈಗೆ 30 ಕಿಲೋ ಬೀಳುತ್ತದೆ. ಜೋಳದ ಚೀಲ ಹೊತ್ತವರಿಗೆ ಅದೇನು ಭಾರ? ಆದರೆ ಆ 30 ಕಿಲೋ ಭುಜದಿಂದ ಅರ್ಧ ಮೀಟರಿಗೂ ಆಚೆ ಇದೆ. ತುಂಬಿದ ಕೊಡವನ್ನು ಟೊಂಕಕ್ಕಿಟ್ಟುಕೊಳ್ಳುವುದು ಬೇರೆ, ಕೈ ಚಾಚಿ ಹಿಡಿಯುವುದು ಬೇರೆ. ತೋಳು ಉದ್ದವಾದಷ್ಟೂ ಕಷ್ಟ ಹೆಚ್ಚು.

ಸಂಶೋಧಕರಾದ ಡನ್‌ಲೇವಿ, ಸ್ಯಾಂಡ್ಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪರೀಕ್ಷೆ ನನಗೆ ಮೆಚ್ಚುಗೆಯಾದದ್ದು ಇದಕ್ಕೇ. ಕ್ರಾಸ್‌ನ ಭಂಗಿಯಲ್ಲೇ ಎರಡು ಬಲಮಾಪಕ ಹಲಗೆಗಳನ್ನು ಕೆಳಕ್ಕೆ ಒತ್ತಿಸಿ, ಆ ಒತ್ತಡವನ್ನು ದೇಹದ ತೂಕಕ್ಕೆ ಹೋಲಿಸಿದರು. ಕ್ರಾಸ್ ಬಲ್ಲವರೂ ಬಾರದವರೂ ಬೇರೆಬೇರೆಯಾಗಿ ಕಂಡರು. ನಮ್ಮಲ್ಲಿ ಆ ಹಲಗೆ ಇರದಿದ್ದರೇನು, ಮುಳ್ಳು ತಿರುಗುವ ಎರಡು ತೂಕದ ಯಂತ್ರ ಸಾಕು. ಅಕ್ಕಪಕ್ಕ ಭುಜದ ಮಟ್ಟಕ್ಕೆ ಗಟ್ಟಿಯಾಗಿ ಇರಿಸಿ, ನಡುವೆ ಮಂಡಿಯೂರಿದ ಹುಡುಗನಿಂದ ಒತ್ತಿಸಿ. 60 ಕಿಲೋದವನು ಎಡಕ್ಕೆ 21, ಬಲಕ್ಕೆ 24 ಒತ್ತಿದರೆ ಕೊರತೆ 15 ಕಿಲೋ. ಎಡಗೈ ಹಿಂದೆ ಬಿದ್ದಿರುವುದೂ ಗೊತ್ತಾಯಿತು. ಪೂರ್ತಿ ಮೈಭಾರಕ್ಕೆ ತೂಗಿಬಿಟ್ಟು ಎಳೆಯ ಭುಜ, ಮೊಣಕೈ ಕೆಡಿಸುವುದಕ್ಕಿಂತ ಇದು ಎಷ್ಟೋ ವಾಸಿ. ಮೊದಲ ಕೆಲಸ ಇದೇ ಆಗಬೇಕೆಂದು ನಾನು ಹಠ ಹಿಡಿಯುತ್ತೇನೆ.

ಆದರೂ ಇದು ಅರ್ಧ ಪರೀಕ್ಷೆ. ಯಂತ್ರ ಅಲ್ಲಾಡುವುದಿಲ್ಲ, ಬಳೆ ಅಲ್ಲಾಡುತ್ತದೆ. ಆದ್ದರಿಂದ ಮುಂದೆ ರಿಂಗ್ಸ್‌ನಲ್ಲೇ ಅಳೆಯಬೇಕು: ಸೊಂಟಪಟ್ಟಿಗೆ ಹಗ್ಗ, ಮೇಲೆ ರಾಟೆ, ಆ ಬದಿಗೆ ಕೊರತೆಯಷ್ಟೇ ಎದುರುಭಾರ. ಸ್ವಿಟ್ಜರ್ಲೆಂಡಿನ ಸಂಶೋಧಕರಾದ ಶೇರರ್ ಮತ್ತು ಹ್ಯೂಬ್ನರ್ ಹೀಗೆಯೇ ಎದುರುಭಾರ ಇಲ್ಲವೆ ಹೆಚ್ಚುವರಿ ಭಾರ ಬಳಸಿ ಅಳೆದರು. 15 ಕಿಲೋದಿಂದ 12ಕ್ಕೆ, 12ರಿಂದ 10ಕ್ಕೆ ಇಳಿದರೆ ಅದೇ ಪ್ರಗತಿ.

ಗಡಿಯಾರವನ್ನಷ್ಟೇ ನಂಬುವುದು ದೊಡ್ಡ ತಪ್ಪು. ಮೈ ಕೆಳಗಿಳಿದು ಕೈ ಭುಜಕ್ಕಿಂತ ಮೇಲಾದರೆ ಸನ್ನೆಗೋಲು ಗಿಡ್ಡವಾದಂತಾಗಿ ಕೆಲಸ ಹಗುರಾಗುತ್ತದೆ, ಸೆಕೆಂಡು ಹೆಚ್ಚುತ್ತದೆ. ಸ್ಪರ್ಧೆಯಲ್ಲಿ 15 ಡಿಗ್ರಿ ತಪ್ಪಿದರೂ ಅಂಕ ಕಡಿಯುತ್ತಾರೆ. 45 ಮೀರಿದರೆ ಆ ಭಂಗಿಯೇ ಲೆಕ್ಕಕ್ಕಿಲ್ಲ. ಎದುರಿನಿಂದ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು, ಕೋನ ನೋಡಿ, ಆಮೇಲೆ ಭಾರ ಮತ್ತು ಸೆಕೆಂಡು ಬರೆದುಕೊಳ್ಳಿ.