ಜಾರ್ಜ್ ಫರ್ನಾಂಡಿಸ್ ಅವರ ಕಾರ್ಮಿಕ ನಾಯಕತ್ವ: ಒಂದು ಮೌಲ್ಯಮಾಪನ

ಮಂಗಳೂರಿನಲ್ಲಿ 1930ರಲ್ಲಿ ಹುಟ್ಟಿ, ಬೆಂಗಳೂರಿನ ಸೆಮಿನರಿಯಲ್ಲಿ, ಅಂದರೆ ಪಾದ್ರಿಗಳಾಗುವವರ ತರಬೇತಿ ಶಾಲೆಯಲ್ಲಿ, ಕೆಲಕಾಲ ಕಲಿತು, 1949ರಲ್ಲಿ ಮುಂಬಯಿ ಸೇರಿದ ಜಾರ್ಜ್ ಫರ್ನಾಂಡಿಸ್ ಅವರ ನಾಯಕತ್ವವನ್ನು 1974ರ ರೈಲ್ವೆ ಮುಷ್ಕರದ ವಿಸ್ತಾರದಿಂದಲೇ ಅಳೆಯುವ ರೂಢಿಯಿದೆ. ಸುಮಾರು 17 ಲಕ್ಷ ನೌಕರರು ಪಾಲ್ಗೊಂಡರೆನ್ನಲಾದ ಆ ಮುಷ್ಕರದ ಹಿರಿಮೆಯನ್ನು ಒಪ್ಪುತ್ತಲೇ, ಅಷ್ಟು ಜನ ಎಷ್ಟು ದಿನ ತಾಳಿಕೊಳ್ಳಬಲ್ಲ ಬಲವನ್ನು ಸಂಘಟನೆ ಕೂಡಿಸಿಟ್ಟಿತ್ತು ಎಂಬುದನ್ನೂ ವಿಮರ್ಶೆ ಕೇಳಬೇಕಾಗುತ್ತದೆ.

ಟ್ಯಾಕ್ಸಿ ಚಾಲಕರನ್ನೂ ನಗರಪಾಲಿಕೆಯ ನೌಕರರನ್ನೂ ಸಂಘಟಿಸಿದ ಫರ್ನಾಂಡಿಸ್ ಮುಂಬಯಿಯಲ್ಲಿ ರೂಢಿಸಿಕೊಂಡ ಮುಖ್ಯ ಅಸ್ತ್ರ ಬಂದ್. ನಗರದ ದಿನಚರಿಯನ್ನು ಅಲ್ಪಕಾಲ ಸ್ತಬ್ಧಗೊಳಿಸಿ ಎದುರಾಳಿಯನ್ನು ಮಾತುಕತೆಗೆ ಎಳೆತರುವ ಈ ವಿಧಾನ ರೈಲ್ವೆಯಲ್ಲಿ ಫಲಿಸಲಿಲ್ಲ, ಏಕೆಂದರೆ ಅಲ್ಲಿ ಪಗಾರ ಕೊಡುವ ಧಣಿಯೂ ಪೊಲೀಸರನ್ನು ಕಳಿಸುವ ಪ್ರಭುತ್ವವೂ ಒಂದೇ ಆಗಿದ್ದವು. ಬೋನಸ್, ಎಂಟು ಗಂಟೆಗಳ ಕೆಲಸ, ಸಾರ್ವಜನಿಕ ಉದ್ದಿಮೆಗಳಿಗೆ ಸಮನಾದ ವೇತನ ಮುಂತಾದ ಬೇಡಿಕೆಗಳ ಮಾತುಕತೆ ಮುಗಿಯುವ ಮೊದಲೇ, ಮೇ 2ರಂದು, ಸರ್ಕಾರ ಅವರನ್ನು ಬಂಧಿಸಿತು. ಕಾಂಗ್ರೆಸ್ ಪರವಾದ ರೈಲ್ವೆ ಒಕ್ಕೂಟ ಹೊರಗುಳಿಯಿತು. ಮೇ 8ರಂದು ಆರಂಭವಾದ ಮುಷ್ಕರವನ್ನು 27ರಂದು ಹಿಂತೆಗೆದುಕೊಳ್ಳಲಾಯಿತು. ಗದಗ ರಸ್ತೆಯ ವರ್ಕ್‌ಶಾಪನ್ನು ನೆಚ್ಚಿದ ಹುಬ್ಬಳ್ಳಿಯಂಥ ಊರುಗಳಲ್ಲಿ ರೈಲ್ವೆ ನೌಕರಿಯೊಂದಿಗೆ ಕ್ವಾರ್ಟರ್ಸ್‌ನ ಮನೆಯೂ ಸೇರಿದ್ದರಿಂದ, ವಜಾ ಆದ ನೌಕರನ ಕುಟುಂಬ ಸಂಬಳವನ್ನೂ ಸೂರನ್ನೂ ಒಟ್ಟಿಗೆ ಕಳೆದುಕೊಳ್ಳುವ ಅಪಾಯವಿತ್ತು. ದೇಶದ ಹಲವೆಡೆ ಹೀಗೆ ಮನೆ ತೆರವು ಮಾಡಿಸಿದ್ದೂ ಉಂಟು.

ಮರ ಕಡೆಯುವ ಕೆಲಸಗಾರನಾಗಿದ್ದು, 1890ರ ದಶಕದ ಆರಂಭದಿಂದ 1920ರಲ್ಲಿ ಸಾಯುವವರೆಗೆ ಜರ್ಮನಿಯ ಕಾರ್ಮಿಕ ಸಂಘಗಳ ಕೇಂದ್ರ ಮಂಡಳಿಯನ್ನು ನಡೆಸಿದ ಕಾರ್ಲ್ ಲೆಗೀನ್ ಫರ್ನಾಂಡಿಸ್ ಅವರ ವಿಧಾನಕ್ಕೆ ವ್ಯತಿರಿಕ್ತ ಮಾದರಿ. ಚಂದಾ, ಮುಷ್ಕರ ನಿಧಿ, ಶಿಸ್ತು ಇವುಗಳನ್ನು ಮೊದಲು ಕಟ್ಟಬೇಕೆಂದು ನಂಬಿದ್ದ ಆತ 1918ರಲ್ಲಿ ಉದ್ಯಮಪತಿಗಳೊಂದಿಗಿನ ಒಪ್ಪಂದದ ಮೂಲಕ ಎಂಟು ಗಂಟೆಗಳ ದಿನವನ್ನು ಗಳಿಸಿದ. 1920ರ ಮಾರ್ಚ್‌ನಲ್ಲಿ ಸಾರ್ವತ್ರಿಕ ಮುಷ್ಕರಕ್ಕೆ ಕರೆಕೊಟ್ಟಾಗ ಜರ್ಮನ್ ಸರ್ಕಾರವನ್ನು ಉರುಳಿಸಲು ಕಾಪ್ ಎಂಬಾತ ನಡೆಸಿದ ಸಶಸ್ತ್ರ ದಂಗೆ ಕೆಲವೇ ದಿನಗಳಲ್ಲಿ ಕುಸಿಯಿತು. ಆದರೆ ಅದೇ ಎಚ್ಚರಿಕೆಯ ಮನೋಧರ್ಮವೇ 1914ರಲ್ಲಿ ಸಂಘಗಳನ್ನು ಯುದ್ಧದ ಬೆಂಬಲಕ್ಕೆ ನಿಲ್ಲಿಸಿ ಮುಷ್ಕರಗಳನ್ನು ಕೈಬಿಡುವಂತೆ ಮಾಡಿತು.

ಹೀಗೆ ನೋಡಿದಾಗ, ಫರ್ನಾಂಡಿಸ್ ಅವರಲ್ಲಿದ್ದ ಪ್ರತಿಭಟನೆಯ ಧೈರ್ಯ ಲೆಗೀನ್‌ನಲ್ಲಿ ಬಹುಕಾಲ ಕಾಣದು. ಲೆಗೀನ್‌ಗಿದ್ದ ಕಟ್ಟುವ ತಾಳ್ಮೆ ಫರ್ನಾಂಡಿಸ್ ಅವರಿಗೆ ಒಗ್ಗಲಿಲ್ಲ. ವಜಾ ಆದವರು ಕೆಲಸಕ್ಕೆ ಮರಳಿದ್ದು 1977ರಲ್ಲಿ ಜನತಾ ಸರ್ಕಾರ ಬಂದ ಬಳಿಕ, ಬೋನಸ್ ದೊರೆತದ್ದು 1979ರಲ್ಲಿ. ಸಂಘದ ಬಲ ಗಳಿಸಲಾಗದ್ದನ್ನು ಮತಪೆಟ್ಟಿಗೆ ಗಳಿಸಿಕೊಟ್ಟಿತೆಂಬ ಈ ಸಂಗತಿ ಬೇಡಿಕೆಗಳ ನ್ಯಾಯವನ್ನು ಎತ್ತಿಹಿಡಿಯುತ್ತದೆ. ಜೊತೆಗೆ, ಸರ್ಕಾರ ಬದಲಾಗುವವರೆಗೆ ಕಾಯಬೇಕಾದ ಕಾರ್ಮಿಕ ಚಳವಳಿಯ ದೌರ್ಬಲ್ಯವನ್ನೂ ತೋರಿಸುತ್ತದೆ.