ಮೊದಲು ಎಲ್ಲರ ವಿಚಾರ, ಆಮೇಲೆ ಪರೀಕ್ಷೆ

ಮಳೆಗಾಲದಲ್ಲಿ ವಿಜಯಪುರ ಜಿಲ್ಲೆಯ ಇಂಡಿ ಭಾಗದ ಲಿಂಬೆ ಒಮ್ಮೆಲೇ ಮಾರುಕಟ್ಟೆಗೆ ಬಂದು ದರ ಬೀಳುತ್ತದೆ. ಬೇಸಿಗೆಯಲ್ಲಿ ದರ ಏರುವಾಗ ಗಿಡದಲ್ಲಿ ಕಾಯಿ ಕಡಿಮೆ. ಇಂಥ ತೊಡಕಿಗೆ ಊರವರು ಕೂಡಿ ಕುಳಿತು ದಾರಿ ಹುಡುಕಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಹೇಗೆ ಕೂಡಬೇಕು ಎಂಬುದೇ ಪ್ರಶ್ನೆ. ತರಬೇತಿ ಶಿಬಿರಗಳು ಇದಕ್ಕೆ ಕಲಿಸುವ ಕ್ರಮ ಬುದ್ಧಿಮಂಥನ, ಅಂದರೆ ಬ್ರೇನ್‌ಸ್ಟಾರ್ಮಿಂಗ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ದಿನದ ಬದುಕಿಗೆ ಅದು ಎಷ್ಟು ಒದಗುತ್ತದೆ ಎಂಬುದನ್ನು ಒರೆಗೆ ಹಚ್ಚಬೇಕಾಗಿದೆ.

ಈ ಕ್ರಮವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಜಾಹೀರಾತು ಉದ್ಯಮಿ ಅಲೆಕ್ಸ್ ಆಸ್ಬಾರ್ನ್. 1953ರ ‘ಅಪ್ಲೈಡ್ ಇಮ್ಯಾಜಿನೇಷನ್’ ಪುಸ್ತಕದಲ್ಲಿ ಅವರು ವಿವರಿಸಿದ ನಿಯಮಗಳು ನಾಲ್ಕು: ಟೀಕೆ ಬೇಡ, ಎಂಥ ವಿಚಿತ್ರ ವಿಚಾರವೂ ಬರಲಿ, ವಿಚಾರಗಳ ಸಂಖ್ಯೆ ಹೆಚ್ಚಲಿ, ಒಬ್ಬರ ವಿಚಾರವನ್ನು ಇನ್ನೊಬ್ಬರು ಬೆಳೆಸಲಿ. ಇದರ ಹಿರಿಮೆಯನ್ನು ಒಪ್ಪಲೇಬೇಕು. ಬಾಯಿ ತೆರೆಯುವ ಮೊದಲೇ ‘ಇದೆಲ್ಲ ಆಗೂದಲ್ಲ’ ಎಂದು ಅನ್ನಿಸಿಕೊಂಡವರಿಗೆ ಈ ನಿಯಮಗಳು ಧೈರ್ಯ ಕೊಡುತ್ತವೆ.

ಆದರೆ ಗುಂಪಿನಲ್ಲಿ ವಿಚಾರಗಳು ಹೆಚ್ಚು ಹುಟ್ಟುತ್ತವೆ ಎಂಬ ಆಸ್ಬಾರ್ನ್ ಅವರ ಮಾತು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ನಾಲ್ವರ ಗುಂಪುಗಳನ್ನು ಬೇರೆ ಬೇರೆ ಕುಳಿತು ಯೋಚಿಸಿದ ನಾಲ್ವರೊಂದಿಗೆ ಹೋಲಿಸಿದರು. ಒಂಟಿಯಾಗಿ ಯೋಚಿಸಿದವರ ವಿಚಾರಗಳನ್ನು ಒಟ್ಟುಗೂಡಿಸಿದಾಗ ಅವೇ ಹೆಚ್ಚಾದವು. ಮನಶ್ಶಾಸ್ತ್ರಜ್ಞರಾದ ಡೀಲ್ ಮತ್ತು ಸ್ಟ್ರೋಬ 1987ರಲ್ಲಿ ಇದರ ಮುಖ್ಯ ಕಾರಣ ಗುರುತಿಸಿದರು: ಒಬ್ಬರು ಮಾತಾಡುವಾಗ ಉಳಿದವರು ಸರದಿ ಕಾಯಬೇಕು, ಕಾಯುವಷ್ಟರಲ್ಲಿ ಹೊಳೆದದ್ದು ಮರೆತುಹೋಗುತ್ತದೆ.

ನಮ್ಮ ಊರುಗಳಲ್ಲಿ ಈ ಕಾಯುವಿಕೆಗೆ ಇನ್ನೊಂದು ಭಾರವಿದೆ. ಹಿರಿಯರೋ ಹೊಲ ಹೆಚ್ಚಿರುವವರೋ ಮೊದಲು ಮಾತಾಡಿದರೆ ಸಭೆ ಅವರ ಮಾತಿನ ಹಿಂದೆಯೇ ಹೋಗುತ್ತದೆ. ಸೊಸೆಯಾಗಿ ಬಂದವಳು, ಕೂಲಿಗೆ ಹೋಗುವವನು, ದಲಿತರ ಓಣಿಯ ಹುಡುಗ ‘ನೀವು ಹೇಳಿದ್ದು ಸರಿ’ ಎಂದು ಸುಮ್ಮನಾಗುತ್ತಾರೆ. 1993ರ ಪಂಚಾಯತ್ ರಾಜ್ ಕಾಯ್ದೆಯಡಿ ವಾರ್ಡ್ ಸಭೆ, ಗ್ರಾಮ ಸಭೆಗಳಿವೆ, ಕೋರಂನಲ್ಲಿ ಶೇ. 30ರಷ್ಟು ಮಹಿಳೆಯರಿರಬೇಕೆಂಬ ನಿಯಮವೂ ಇದೆ. ಹಾಜರಿ ಹಾಕಿದ ಮಾತ್ರಕ್ಕೆ ದನಿ ಬರುವುದಿಲ್ಲ. ‘ಟೀಕೆ ಬೇಡ’ ಎಂಬ ಫಲಕ ತೂಗುಹಾಕಿದರೂ ಅಂತಸ್ತಿನ ಹೆದರಿಕೆ ಹೋಗುವುದಿಲ್ಲ. ಆಸ್ಬಾರ್ನ್ ಕ್ರಮದ ದೊಡ್ಡ ಕೊರತೆ ಇದೇ. ಅವರು ಟೀಕೆಗೆ ಕಡಿವಾಣ ಹಾಕಿದರು, ಯಾರು ಮೊದಲು ಮಾತಾಡಬೇಕು ಎಂಬುದನ್ನು ಹಾಗೆಯೇ ಬಿಟ್ಟರು.

ಟೀಕೆ ನಿಜಕ್ಕೂ ವಿಚಾರದ ಶತ್ರುವೇ? 2004ರಲ್ಲಿ ಮನಶ್ಶಾಸ್ತ್ರಜ್ಞೆ ಶಾರ್ಲನ್ ನೆಮೆತ್ ಮತ್ತು ಸಂಗಡಿಗರು ಅಮೆರಿಕ, ಫ್ರಾನ್ಸ್‌ಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ವಾದಿಸಿ ಎಂದು ಪ್ರೋತ್ಸಾಹಿಸಿದ ಗುಂಪುಗಳು ಹಿಂದೆ ಬೀಳಲಿಲ್ಲ, ಮುಂದೆಯೇ ಇದ್ದವು. ಬಸವಣ್ಣನ ಬಾಗೇವಾಡಿಯ ನಾಡಿಗೆ ಇದು ಹೊಸತಲ್ಲ. 15ನೆಯ ಶತಮಾನದಲ್ಲಿ ಮೊದಲು ಸಂಕಲನಗೊಂಡ ಶೂನ್ಯಸಂಪಾದನೆಯಲ್ಲಿ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಗೆ ಅಲ್ಲಮಪ್ರಭು ಕಟುವಾದ ಪ್ರಶ್ನೆಗಳನ್ನೇ ಕೇಳುತ್ತಾನೆ. ಆಕೆ ಉತ್ತರ ಕೊಟ್ಟೇ ಗೌರವ ಪಡೆಯುತ್ತಾಳೆ. ಅಲ್ಲಿ ಪ್ರಶ್ನೆ ಬಾಯಿ ಮುಚ್ಚಿಸುವುದಿಲ್ಲ, ಮಾತನ್ನು ಗಟ್ಟಿಗೊಳಿಸುತ್ತದೆ.

ಲಿಂಬೆಯ ವಿಷಯಕ್ಕೇ ಬರೋಣ. ‘ನೀರು ಬಿಡದೆ ಗಿಡವನ್ನು ಒಣಗಿಸಿ, ಹೂವಿನ ಕಾಲ ಬದಲಿಸಿ, ಬೇಸಿಗೆಗೆ ಕಾಯಿ ತರೋಣ’ ಎಂದು ಒಬ್ಬರು ಹೇಳುತ್ತಾರೆ. ಒಳ್ಳೆಯ ವಿಚಾರ. ಇನ್ನೊಬ್ಬರು ಕೇಳುತ್ತಾರೆ: ‘ಅದೇ ವೇಳೆಗೆ ಹಿಂಗಾರಿ ಮಳೆ ಹಿಡಿದರೆ? ಎರಿ ಹೊಲದ ತೇವ ಆರದಿದ್ದರೆ? ಬೇಸಿಗೆಯಲ್ಲಿ ಕಾಯಿ ಬೆಳೆಸಲು ಬೋರ್‌ವೆಲ್‌ನಲ್ಲಿ ನೀರಿದೆಯೇ?’ ಈ ಪ್ರಶ್ನೆಗಳನ್ನು ತಡೆದರೆ ರೈತನಿಗೆ ನಷ್ಟ. ಕೇಳಿದರೆ ಯಾವ ಹೊಲಕ್ಕೆ ಈ ಉಪಾಯ, ಯಾವ ಹೊಲದ ಕಾಯಿಗೆ ಉಪ್ಪಿನಕಾಯಿ ಮಾಡಿ ಮಾರುವ ದಾರಿ ಎಂಬುದು ತಿಳಿಯಾಗುತ್ತದೆ.

ಎಲ್ಲ ಸಮಸ್ಯೆಯೂ ವಿಚಾರದ ಕೊರತೆಯಿಂದ ಹುಟ್ಟಿದ್ದಲ್ಲ. ನಾರಾಯಣಪುರ ಎಡದಂಡೆಯಿಂದ ಬರುವ ಇಂಡಿ ಶಾಖಾ ಕಾಲುವೆಯ ಕೊನೆ ಭಾಗಕ್ಕೆ ನೀರು ತಲುಪಬೇಕಾದರೆ ಮೇಲಿನವರು ತಮ್ಮ ಪಾಲಿಗಿಂತ ಹೆಚ್ಚು ಎತ್ತಬಾರದು, ನೀರು ಬಿಡುವ ಸರದಿ ತಪ್ಪಬಾರದು. ಅಲ್ಲಿ ಬೇಕಾದದ್ದು ನ್ಯಾಯ ಮತ್ತು ಕಾಲುವೆಯ ನಿರ್ವಹಣೆ. ಅದನ್ನು ಬಿಟ್ಟು ರೈತರಿಂದ ಹೊಸ ವಿಚಾರಗಳ ಪಟ್ಟಿ ಬರೆಸಿಕೊಳ್ಳುವುದು ಹೊಣೆಯಿಂದ ನುಣುಚಿಕೊಂಡಂತೆ.

ಹಾಗಾಗಿ ಬುದ್ಧಿಮಂಥನವನ್ನು ತಳ್ಳಿಹಾಕದೆ ತಿದ್ದಿ ಬಳಸಬೇಕು. ಸಭೆ ಶುರುವಾಗುವ ಮೊದಲು ಪ್ರತಿಯೊಬ್ಬರೂ ಹೆಸರು ಹಾಕದ ಚೀಟಿಯಲ್ಲಿ ತಮ್ಮ ವಿಚಾರ ಬರೆಯಲಿ. ಬರೆಯಲು ಬಾರದವರ ಮಾತನ್ನು ಅವರು ನಂಬುವವರು ಬರೆದುಕೊಳ್ಳಲಿ. ಚೀಟಿಗಳನ್ನೆಲ್ಲ ಓದಿದ ಮೇಲೆ ಹಿರಿಯರು ಕೊನೆಗೆ ಮಾತಾಡಲಿ. ಆಮೇಲೆ ಪ್ರತಿ ವಿಚಾರವೂ ಬಿಗಿಯಾದ ಪ್ರಶ್ನೆ ಎದುರಿಸಲಿ. ಪ್ರಶ್ನೆ ವಿಚಾರಕ್ಕಿರಲಿ, ಹೇಳಿದವರ ಜಾತಿಗೋ ವಯಸ್ಸಿಗೋ ಅಲ್ಲ. ಒಪ್ಪಿದ್ದನ್ನು ಯಾರು, ಯಾವಾಗ ಮಾಡುತ್ತಾರೆಂದು ನಡಾವಳಿಯಲ್ಲಿ ಬರೆದು, ಮುಂದಿನ ಸಭೆಯ ಮೊದಲ ವಿಷಯವಾಗಿ ಅದರ ಲೆಕ್ಕ ಕೇಳಬೇಕು. ಇಷ್ಟು ಮಾಡಿದರೆ ಕೂಲಿ ಬಿಟ್ಟು ಸಭೆಗೆ ಬಂದವರ ಒಂದು ದಿನಕ್ಕೆ ಬೆಲೆ ಸಿಗುತ್ತದೆ.